ಪೊರೆ ಸಾಗಣೆಯ ಪ್ರೋಟೀನುಗಳು ಮತ್ತು ಸಂಶೋಧನಾ ಪ್ರತಿಕಾಯಗಳು

ಜೀವಕೋಶದೊಳಗೆ ಪ್ರೋಟೀನುಗಳು ಪೊರೆಯ ಕಿರುಚೀಲಗಳಲ್ಲಿ ಸೇರಿಕೊಂಡು ಒಂದು ಅಂಗಕದಿಂದ ಇನ್ನೊಂದಕ್ಕೆ, ಅಲ್ಲಿಂದ ಕೋಶದ ಮೇಲ್ಮೈಗೆ, ಮೇಲ್ಮೈಯಿಂದ ಮತ್ತೆ ಒಳಕ್ಕೆ ಹೋಗಿಬರುವ ವ್ಯವಸ್ಥೆಗೆ ಪೊರೆ ಸಾಗಣೆ ಎಂದು ಹೆಸರು. ಈ ಸಾಗಣೆಯನ್ನು ನಡೆಸುವ ಪ್ರೋಟೀನುಗಳನ್ನು ಗುರುತಿಸಲು, ಅಳೆಯಲು, ಬೇರ್ಪಡಿಸಲು, ಕೆಲವೊಮ್ಮೆ ಅವುಗಳ ಕೆಲಸವನ್ನೇ ತಡೆಯಲು ಪ್ರಯೋಗಾಲಯಗಳಲ್ಲಿ ಬಳಸುವ ಪ್ರತಿಕಾಯಗಳನ್ನು ಸಂಶೋಧನಾ ಪ್ರತಿಕಾಯಗಳು ಎನ್ನುತ್ತಾರೆ. ಪ್ರಯೋಗಾಲಯದವರ ಬಾಯಲ್ಲಿ ಇವು ಬರೀ ‘ಆಂಟಿಬಾಡಿ’. ರೋಗಿಗೆ ಚುಚ್ಚುವ ಔಷಧಿ ಪ್ರತಿಕಾಯಗಳಿಂದ ಇವು ಬೇರೆ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಸಾಲು ಅಚ್ಚಾಗಿರುತ್ತದೆ, ಔಷಧಿಗೆ ಕಡ್ಡಾಯವಾದ ಪರೀಕ್ಷೆಗಳು ಇವಕ್ಕೆ ಕಡ್ಡಾಯವಲ್ಲ. ಈ ಕ್ಷೇತ್ರದ ಬಹಳಷ್ಟು ಗೊಂದಲ ಹುಟ್ಟಿದ್ದು ಇಲ್ಲೇ.

ಪ್ರತಿಕಾಯ ಎಂಬ ವಸ್ತು ಉಡುಪಿ ಜಿಲ್ಲೆಯ ಅಜೆಕಾರು, ಕಾರ್ಕಳ, ಹೆಬ್ರಿ ಕಡೆಯವರಿಗೆ ಅಪರಿಚಿತವೇನಲ್ಲ. ತೋಟದಲ್ಲೋ ಗದ್ದೆಯ ಬದುವಿನಲ್ಲೋ ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ, ಕುದುರೆಗೆ ಅಲ್ಪಸ್ವಲ್ಪ ವಿಷ ಚುಚ್ಚಿ ಅದರ ರಕ್ತದಿಂದ ತೆಗೆದ ಪ್ರತಿಕಾಯವೇ. ಭಾರತದಲ್ಲಿ ತಯಾರಾಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಲೆಕ್ಕ ಹಾಕಿ ಮಾಡಿದ್ದು. ಪಶ್ಚಿಮ ಘಟ್ಟದ ತಪ್ಪಲಲ್ಲಿ ಸಿಗುವ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದರೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಅದೂ ಮಂಡಲದ ವಂಶದ ಹಾವೇ ಆದರೂ ಅದರ ವಿಷದ ಪ್ರೋಟೀನುಗಳ ಆಕಾರ ಬೇರೆ, ಕುದುರೆಯ ಪ್ರತಿಕಾಯ ಅದನ್ನು ಹಿಡಿಯದು. ಪ್ರತಿಕಾಯದ ಶಕ್ತಿ ಇರುವುದೂ ಅದರ ಮಿತಿ ಇರುವುದೂ ಈ ಆಯ್ಕೆಯಲ್ಲಿ. ಕೋಶದೊಳಗಿನ ಪ್ರೋಟೀನುಗಳ ವಿಷಯದಲ್ಲೂ ಇದೇ ನಿಯಮ ನಡೆಯುತ್ತದೆ.

ರಚನೆ ಮತ್ತು ತಯಾರಿ

ಸಾಮಾನ್ಯವಾಗಿ ಬಳಕೆಯಾಗುವ ಐಜಿಜಿ ವರ್ಗದ ಪ್ರತಿಕಾಯ ಸುಮಾರು 150 ಕಿಲೋಡಾಲ್ಟನ್ ತೂಕದ, ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಅಣು. ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ. ಕವಲಿನ ಎರಡೂ ತುದಿಗಳಲ್ಲಿ ಒಂದೇ ಬಗೆಯ ಹಿಡಿಕೆ. 1959ರಲ್ಲಿ ರಾಡ್ನಿ ಪೋರ್ಟರ್ ಈ ಅಣುವನ್ನು ಪಪೈನ್ ಎಂಬ ಕಿಣ್ವದಿಂದ ತುಂಡರಿಸಿ, ಒಂದೊಂದು ತೋಳೂ ಬಿಡಿಯಾಗಿ ತನ್ನ ಗುರಿ ವಸ್ತುವನ್ನು, ಅಂದರೆ ಪ್ರತಿಜನಕವನ್ನು, ಹಿಡಿಯಬಲ್ಲದು ಎಂದು ತೋರಿಸಿದರು. ಪಪೈನ್ ಸಿಗುವುದು ನಮ್ಮ ಕರಾವಳಿಯವರು ಬಪ್ಪಂಗಾಯಿ ಎನ್ನುವ ಪಪ್ಪಾಯಿಯ ಹಾಲಿನಲ್ಲಿ. ಹೀಗೆ ಸಿಕ್ಕ ಒಂದು ತೋಳಿನ ತುಂಡಿಗೆ ಫ್ಯಾಬ್ ಎಂದು ಹೆಸರು, ತೂಕ ಸುಮಾರು 50 ಕಿಲೋಡಾಲ್ಟನ್. ಪೊರೆ ಸಾಗಣೆಯ ಅಧ್ಯಯನದಲ್ಲಿ ಈ ಒಂಟಿ ತೋಳಿಗೆ ಎಷ್ಟು ಮಹತ್ವ ಬಂತೆಂಬುದನ್ನು ಮುಂದೆ ಬೆಂಗಳೂರಿನ ಪ್ರಯೋಗಗಳಲ್ಲಿ ನೋಡಬಹುದು.

ಮೊಲ, ಮೇಕೆ ಮುಂತಾದ ಪ್ರಾಣಿಗಳಿಗೆ ಪ್ರೋಟೀನನ್ನೋ ಅದರ ಒಂದು ತುಣುಕನ್ನೋ ಹಲವು ಸಲ ಚುಚ್ಚಿ, ರಕ್ತದ ಸೀರಮ್ಮಿನಿಂದ ತೆಗೆಯುವುದು ಪಾಲಿಕ್ಲೋನಲ್ ಪ್ರತಿಕಾಯ. ಅದರಲ್ಲಿ ಪ್ರೋಟೀನಿನ ಬೇರೆಬೇರೆ ಭಾಗಗಳನ್ನು ಹಿಡಿಯುವ ಅಣುಗಳು ಬೆರೆತಿರುತ್ತವೆ. ಆ ಮೊಲ ಸತ್ತರೆ ಅದೇ ಮಿಶ್ರಣ ಮತ್ತೆ ಸಿಗುವುದಿಲ್ಲ. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇಲಿಯ ಬಿ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು, ಸಾಯದೆ ಬೆಳೆಯುತ್ತ ಒಂದೇ ಬಗೆಯ ಪ್ರತಿಕಾಯ ಸುರಿಸುವ ಹೈಬ್ರಿಡೋಮ ಕೋಶವನ್ನು ರೂಪಿಸಿದರು. ಇದು ಮಾನೋಕ್ಲೋನಲ್, ಅಂದರೆ ಏಕತದ್ರೂಪಿ ಪ್ರತಿಕಾಯ. 1984ರಲ್ಲಿ ಇಬ್ಬರಿಗೂ ನೀಲ್ಸ್ ಯೆರ್ನ್ ಜೊತೆ ನೊಬೆಲ್ ಬಂತು. ಈಚೆಗೆ ಪ್ರತಿಕಾಯದ ಜೀನ್ ಅನುಕ್ರಮವನ್ನೇ ಓದಿಟ್ಟುಕೊಂಡು ಬೇಕಾದಾಗ ಕೋಶಗಳಲ್ಲಿ ತಯಾರಿಸುವ ಮರುಸಂಯೋಜಿತ ಪ್ರತಿಕಾಯಗಳು ಬಂದಿವೆ. ಒಂಟೆಯ ಜಾತಿಯ ಪ್ರಾಣಿಗಳಲ್ಲಿ ಹಗುರ ಸರಪಳಿಯೇ ಇಲ್ಲದ ಪ್ರತಿಕಾಯಗಳಿವೆ ಎಂದು 1993ರಲ್ಲಿ ಬ್ರಸೆಲ್ಸಿನ ಗುಂಪು ಕಂಡುಕೊಂಡ ಮೇಲೆ, ಸುಮಾರು 15 ಕಿಲೋಡಾಲ್ಟನ್ ತೂಕದ ನ್ಯಾನೊಬಾಡಿಗಳೂ ಬಳಕೆಗೆ ಬಂದವು.

ಗುರಿ ಪ್ರೋಟೀನುಗಳು

ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಅಂಗಕದಲ್ಲಿ ತಯಾರಾದ ಪ್ರೋಟೀನು ಗಾಲ್ಜಿ ಎಂಬ ಇನ್ನೊಂದು ಅಂಗಕಕ್ಕೆ, ಅಲ್ಲಿಂದ ಮೇಲ್ಮೈಗೆ ಹೋಗುತ್ತದೆ ಎಂಬ ದಾರಿಯನ್ನು ಬಿಡಿಸಿಟ್ಟವರು ಜಾರ್ಜ್ ಪಲಾಡೆ. ಅವರಿಗೆ ನೊಬೆಲ್ ಬಂದದ್ದು 1974ರಲ್ಲಿ. ಆ ದಾರಿಯ ಯಂತ್ರಭಾಗಗಳನ್ನು ಪತ್ತೆಹಚ್ಚಿದ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್‌ಮನ್, ಥಾಮಸ್ ಸ್ಯೂಡೋಫ್ ಅವರಿಗೆ 2013ರಲ್ಲಿ. ಚೀಲಕ್ಕೆ ಪಂಜರದಂಥ ಹೊದಿಕೆ ಕಟ್ಟುವ ಕ್ಲಾಥ್ರಿನ್, ಗಾಲ್ಜಿಯ ಸುತ್ತಮುತ್ತಲ ಚೀಲಗಳಿಗೆ ಹೊದಿಕೆಯಾಗುವ ಕೋಪ್ ಪ್ರೋಟೀನುಗಳು, ಚೀಲದ ಕತ್ತನ್ನು ಹಿಸುಕಿ ಬಿಡಿಸುವ ಡೈನಮಿನ್, ಚೀಲವನ್ನು ಗುರಿಯ ಪೊರೆಗೆ ಬೆಸೆಯುವ ಸ್ನೇರ್‌ಗಳು, ಬೆಸೆದ ಸ್ನೇರ್‌ಗಳನ್ನು ಮತ್ತೆ ಬಿಡಿಸುವ ಎನ್‌ಎಸ್‌ಎಫ್ ಈ ಯಂತ್ರದ ಮುಖ್ಯ ಭಾಗಗಳು.

ಚೀಲ ಎಲ್ಲಿಗೆ ಸೇರಿದ್ದು ಎಂಬುದನ್ನು ನಿರ್ಧರಿಸುವ ರ‍್ಯಾಬ್ ಪ್ರೋಟೀನುಗಳು ಮನುಷ್ಯನಲ್ಲಿ 60ಕ್ಕೂ ಹೆಚ್ಚು. ರ‍್ಯಾಬ್5 ಮೊದಲ ಹಂತದ ಎಂಡೋಸೋಮಿನಲ್ಲಿ (ಮೇಲ್ಮೈಯಿಂದ ಒಳಬಂದ ಸರಕು ಸೇರುವ ಚೀಲದಲ್ಲಿ), ರ‍್ಯಾಬ್7 ಲೈಸೋಸೋಮಿನತ್ತ ಹೊರಟ ಎಂಡೋಸೋಮಿನಲ್ಲಿ, ರ‍್ಯಾಬ್11 ಮೇಲ್ಮೈಗೆ ಮರಳುವ ಎಂಡೋಸೋಮಿನಲ್ಲಿ ಇರುತ್ತವೆ. ಇವುಗಳ ಗಾತ್ರವೂ ಬಹುತೇಕ ಒಂದೇ, ಸುಮಾರು 25 ಕಿಲೋಡಾಲ್ಟನ್. ರ‍್ಯಾಬ್5ರಲ್ಲೇ ಎ, ಬಿ, ಸಿ ಎಂದು ಮೂರು ರೂಪಗಳಿದ್ದು ಅವುಗಳ ಅನುಕ್ರಮ ಬಲು ಹತ್ತಿರ. ಪ್ರತಿಕಾಯ ಕೊಳ್ಳುವವರು ಎಡವುವುದು ಇಲ್ಲಿಯೇ: ಸೀಸೆಯ ಮೇಲೆ ಒಂದು ರ‍್ಯಾಬಿನ ಹೆಸರು, ಹಿಡಿಯುವುದು ಅದರ ಅಣ್ಣತಮ್ಮಂದಿರನ್ನೂ.

ರೋಗಿಗಳ ರಕ್ತದಿಂದ ಬಂದ ಉಪಕರಣ

ಈ ಕ್ಷೇತ್ರದ ಕೆಲವು ಮುಖ್ಯ ಗುರುತು ಪ್ರೋಟೀನುಗಳು ಸಿಕ್ಕಿದ್ದು ಯಾರೂ ಯೋಜನೆ ಹಾಕಿ ಹುಡುಕಿದ್ದರಿಂದಲ್ಲ. ಲೂಪಸ್, ಷೋಗ್ರೆನ್ ಮುಂತಾದ ಕಾಯಿಲೆಗಳಲ್ಲಿ ದೇಹ ತನ್ನದೇ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಮಾಡುತ್ತದೆ. ಅಂಥ ಒಬ್ಬ ಲೂಪಸ್ ರೋಗಿಯ ಸೀರಮ್ಮನ್ನು ಕೋಶಗಳ ಮೇಲೆ ಹಾಕಿ ನೋಡಿದಾಗ ಚುಕ್ಕೆಚುಕ್ಕೆಯಾಗಿ ಹೊಳೆದದ್ದರ ಬೆನ್ನು ಹತ್ತಿ, 1995ರಲ್ಲಿ ಇಇಎ1 ಎಂಬ 162 ಕಿಲೋಡಾಲ್ಟನ್ನಿನ ಪ್ರೋಟೀನನ್ನು ಗುರುತಿಸಿದರು. ಮೊದಲ ಹಂತದ ಎಂಡೋಸೋಮಿಗೆ ಇಂದಿಗೂ ಅದೇ ಪ್ರಮಾಣಭೂತ ಗುರುತು. ಗಾಲ್ಜಿಯ ಗಾಲ್ಜಿನ್-97 ಸಿಕ್ಕಿದ್ದು ಷೋಗ್ರೆನ್ ರೋಗಿಯ ಸೀರಮ್ಮಿನಿಂದ. ಆಸ್ಪತ್ರೆಯಲ್ಲಿ ಎಎನ್ಎ ಪರೀಕ್ಷೆ ಮಾಡಿಸಿಕೊಂಡವರಿಗೆ ಈ ವಿಧಾನದ ಪರಿಚಯ ಇದ್ದೇ ಇದೆ. ಗಾಜಿನ ಮೇಲಿನ ಕೋಶಗಳಿಗೆ ರೋಗಿಯ ಸೀರಮ್ ಹಾಕಿ ಎಲ್ಲಿ ಹೊಳೆಯುತ್ತದೆ ಎಂದು ನೋಡುವುದು ಅಲ್ಲೂ ಅಷ್ಟೇ. ರೋಗ ಪತ್ತೆಗೆ ಕೂತ ತಂತ್ರಜ್ಞರಿಗೆ ಕೋಶಕೇಂದ್ರದ ಹೊಳಪು ಬೇಕು, ಕೋಶಶಾಸ್ತ್ರಜ್ಞರಿಗೆ ಅದರ ಆಚೆ ಬದಿಯ ಹೊಳಪು ಬೇಕಾಯಿತು.

ಗುರಿಯಲ್ಲದ ಪ್ರೋಟೀನನ್ನೂ ಹಿಡಿಯುವ ಅಡ್ಡಹಿಡಿತವೂ ಒಮ್ಮೊಮ್ಮೆ ಲಾಭವಾಗಿದೆ. ಎಂ3ಎ5 ಎಂಬ ಏಕತದ್ರೂಪಿ ಪ್ರತಿಕಾಯವನ್ನು ತಯಾರಿಸಿದ್ದು ಸೂಕ್ಷ್ಮನಾಳಿಕೆಗೆ ಅಂಟುವ ಪ್ರೋಟೀನುಗಳಿಗಾಗಿ. ಅದು ಗಾಲ್ಜಿಯ ಮೇಲಿನ 110 ಕಿಲೋಡಾಲ್ಟನ್ನಿನ ಬೇರೆಯೇ ಪ್ರೋಟೀನನ್ನೂ ಹಿಡಿಯಿತು. ಥಾಮಸ್ ಕ್ರೈಸ್ ಅವರ ಗುಂಪು ಅದನ್ನು ಬಿಡದೆ ಹಿಂಬಾಲಿಸಿ 1991ರಲ್ಲಿ ಬೀಟಾ-ಕೋಪ್ ಎಂದು ಗುರುತಿಸಿತು. ಮುಂದೆ ಬೀಟಾ-ಕೋಪ್ ವಿರುದ್ಧದ ಇನ್ನೊಂದು ಪ್ರತಿಕಾಯವನ್ನು ಜೀವಂತ ಕೋಶದೊಳಕ್ಕೇ ಸೂಕ್ಷ್ಮಸೂಜಿಯಿಂದ ಚುಚ್ಚಿದಾಗ, ವೈರಸ್ಸಿನ ಪೊರೆ ಪ್ರೋಟೀನು ಗಾಲ್ಜಿಯವರೆಗೆ ಹೋಗದೆ ನಡುವೆ ನಿಂತಿತು. ಅಲ್ಲಿಗೆ ಆ ಪ್ರೋಟೀನಿನ ಇರವಷ್ಟೇ ಅಲ್ಲ, ಕೆಲಸವೂ ರುಜುವಾತಾಯಿತು.

ಬಳಕೆಯ ವಿಧಾನಗಳು

ಅತಿ ಹೆಚ್ಚು ಬಳಕೆಯಲ್ಲಿರುವುದು ಪ್ರತಿದೀಪ್ತಿ ಸೂಕ್ಷ್ಮದರ್ಶನ. ಆಲ್ಬರ್ಟ್ ಕೂನ್ಸ್ 1941ರಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಅಂಟಿಸಿದ್ದು ಇದರ ಆರಂಭ. ಗಾಜಿನ ತೆಳುತುಣುಕಿನ ಮೇಲೆ ಬೆಳೆದ ಕೋಶಗಳನ್ನು ಫಾರ್ಮಾಲ್ಡಿಹೈಡಿನಿಂದ ಸ್ಥಿರಗೊಳಿಸಿ, ಸಪೋನಿನ್ ಅಥವಾ ಟ್ರೈಟಾನ್ ಹಾಕಿ ಪೊರೆಯಲ್ಲಿ ತೂತು ಮಾಡಿ, ಮೊದಲ ಪ್ರತಿಕಾಯವನ್ನೂ ಆಮೇಲೆ ಅದನ್ನು ಹಿಡಿಯುವ ಬಣ್ಣದ ಎರಡನೇ ಪ್ರತಿಕಾಯವನ್ನೂ ಹಾಕುತ್ತಾರೆ. ತೂತು ಮಾಡದೆ ಬಿಟ್ಟರೆ ಮೇಲ್ಮೈಯಲ್ಲಿರುವ ಪ್ರೋಟೀನು ಮಾತ್ರ ಹೊಳೆಯುತ್ತದೆ. ಒಳಗೆಷ್ಟು, ಹೊರಗೆಷ್ಟು ಎಂದು ತಿಳಿಯುವ ಸರಳ ಉಪಾಯ ಇದು. ಒಂದು ಎಚ್ಚರಿಕೆ: ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರೆ ಮಾಡಿ ತೋರಿಸಲಾರದು, ಸಾಗಣೆ ಚೀಲಗಳೋ 50ರಿಂದ 100 ನ್ಯಾನೊಮೀಟರಿನವು. ಹಸಿರು, ಕೆಂಪು ಸೇರಿ ಹಳದಿಯಾಯಿತು ಎಂದರೆ ಎರಡೂ ಒಂದೇ ಚೀಲದಲ್ಲಿವೆ ಎಂದಲ್ಲ. ನಿಖರವಾಗಿ ಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ 5 ಅಥವಾ 10 ನ್ಯಾನೊಮೀಟರಿನ ಚಿನ್ನದ ಕಣ ಅಂಟಿಸಿದ ಪ್ರತಿಕಾಯ ಬೇಕು.

ಪ್ರೋಟೀನನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪಟ್ಟಿಯಾಗಿ ಕಾಣುವ ವೆಸ್ಟರ್ನ್ ಬ್ಲಾಟ್, ಮಣಿಗಳಿಗೆ ಪ್ರತಿಕಾಯ ಕಟ್ಟಿ ಪ್ರೋಟೀನನ್ನೂ ಅದರ ಜೊತೆಗಾರರನ್ನೂ ಎಳೆದು ತೆಗೆಯುವ ವಿಧಾನ ಎಲ್ಲ ಕಡೆ ರೂಢಿಯಲ್ಲಿವೆ. ಸಾಗಣೆಯನ್ನು ಅಭ್ಯಸಿಸುವವರಿಗೆ ವಿಶೇಷವಾದದ್ದು ಪ್ರತಿಕಾಯವನ್ನೇ ಕೋಶಕ್ಕೆ ತಿನ್ನಿಸುವ ಪ್ರಯೋಗ. ಜೀವಂತ ಕೋಶಗಳಿಗೆ ತಣ್ಣಗೆ ಇರುವಾಗ ಪ್ರತಿಕಾಯ ಹಾಕಿದರೆ ಅದು ಮೇಲ್ಮೈಯ ಗ್ರಾಹಕಕ್ಕೆ ಅಂಟಿ ನಿಲ್ಲುತ್ತದೆ. 37 ಡಿಗ್ರಿಗೆ ಬಿಸಿ ಮಾಡಿದ ಕೂಡಲೇ ಗ್ರಾಹಕದ ಜೊತೆ ಒಳಗೆ ಹೋಗುತ್ತದೆ. ಹೊರಗೆ ಉಳಿದದ್ದನ್ನು ಹುಳಿ ದ್ರಾವಣದಿಂದ ತೊಳೆದು, ಐದು ನಿಮಿಷಕ್ಕೆ ಎಲ್ಲಿ, ಅರ್ಧ ಗಂಟೆಗೆ ಎಲ್ಲಿ ಎಂದು ನೋಡುತ್ತಾರೆ. ಇಲ್ಲಿ ಒಂದು ಸಣ್ಣ ಸಂಗತಿ ದೊಡ್ಡ ಹಾನಿ ಮಾಡಬಲ್ಲದು. ಮಾರಾಟದ ಪ್ರತಿಕಾಯ ಕೆಡದಿರಲೆಂದು ಹಾಕಿರುವ ಸೋಡಿಯಂ ಅಜೈಡ್ ಕೋಶದ ಉಸಿರಾಟವನ್ನೇ ಕಟ್ಟುತ್ತದೆ. ಅದನ್ನು ತೆಗೆಯದೆ ಬಳಸಿದರೆ ‘ಒಳಗೆ ಹೋಗಲಿಲ್ಲ’ ಎಂಬ ಫಲಿತಾಂಶ ಗ್ರಾಹಕದ ಗುಣವಲ್ಲ, ವಿಷದ ಗುಣ.

ಬೆಂಗಳೂರಿನ ಪ್ರಯೋಗಗಳು

ಈ ವಿಷಯದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ ಸ್ಥಾಪಕ ನಿರ್ದೇಶಕ ಒಬೈದ್ ಸಿದ್ದಿಕಿ, ಸೀಮೋರ್ ಬೆಂಜರ್ ಜೊತೆ 1976ರಲ್ಲಿ ಬಿಸಿಯಾದೊಡನೆ ಲಕ್ವ ಹೊಡೆದು ಬೀಳುವ ಹಣ್ಣುನೊಣಗಳನ್ನು ವರ್ಣಿಸಿದ್ದರು. ಅವುಗಳಲ್ಲಿ ‘ಕೊಮಟೋಸ್’ ಎಂಬ ನೊಣದಲ್ಲಿ ಕೆಟ್ಟಿದ್ದು ಎನ್‌ಎಸ್‌ಎಫ್ ಪ್ರೋಟೀನಿನ ಜೀನ್ ಎಂದು ಗೊತ್ತಾಗಲು 1995 ಬರಬೇಕಾಯಿತು. ಪ್ರತಿಕಾಯ ಇಲ್ಲದೆ, ಬರೀ ನೊಣದ ನಡತೆ ನೋಡಿ ಸಾಗಣೆ ಯಂತ್ರದ ಭಾಗವೊಂದನ್ನು ಮುಟ್ಟಿದ್ದ ಕೆಲಸ ಅದು.

ಪ್ರತಿಕಾಯದ ಬಳಕೆಗೇ ಪಾಠವಾದದ್ದು ಅದೇ ಕೇಂದ್ರದಲ್ಲಿ ಮುಂದೆ ಕೆಲಸ ಮಾಡಿದ, 2013ರಿಂದ ಅದರ ನಿರ್ದೇಶಕರೂ ಆಗಿದ್ದ ಸತ್ಯಜಿತ್ ಮೇಯರ್ ಅವರ ಸಂಶೋಧನೆ. ಕೆಲವು ಪ್ರೋಟೀನುಗಳು ಕೋಶದ ಪೊರೆಯನ್ನು ತೂರಿ ನಿಲ್ಲದೆ, ಜಿಪಿಐ ಎಂಬ ಕೊಬ್ಬಿನ ಬಾಲದಿಂದ ಹೊರಪದರಕ್ಕೆ ಅಂಟಿಕೊಂಡಿರುತ್ತವೆ. ಫೋಲಿಕ್ ಆಮ್ಲದ ಗ್ರಾಹಕ ಇಂಥದ್ದು. ಇವು ಪೊರೆಯ ಕೇವಿಯೋಲಗಳೆಂಬ ಕುಳಿಗಳಲ್ಲಿ ಗುಂಪುಗೂಡಿರುತ್ತವೆ ಎಂದು ಪ್ರತಿಕಾಯ ಚಿತ್ರಗಳ ಆಧಾರದ ಮೇಲೆ ಆಗ ನಂಬಿದ್ದರು. 1994ರಲ್ಲಿ, ಮೇಯರ್ ಇನ್ನೂ ಅಮೆರಿಕದಲ್ಲಿದ್ದಾಗ, ಕ್ಯಾರೆನ್ ರಾತ್‌ಬರ್ಗ್ ಮತ್ತು ಫ್ರೆಡರಿಕ್ ಮ್ಯಾಕ್ಸ್‌ಫೀಲ್ಡ್ ಜೊತೆ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಪ್ರತಿಕಾಯಕ್ಕೆ ಎರಡು ತೋಳು. ಒಂದೊಂದು ತೋಳೂ ಒಂದೊಂದು ಗ್ರಾಹಕವನ್ನು ಹಿಡಿಯುತ್ತದೆ. ಅದರ ಮೇಲೆ ಎರಡನೇ ಪ್ರತಿಕಾಯ ಬಿದ್ದರೆ ಈ ಜೋಡಿಗಳೂ ಒಂದಕ್ಕೊಂದು ಕಟ್ಟಿಹೋಗುತ್ತವೆ. ಫಾರ್ಮಾಲ್ಡಿಹೈಡ್ ಕೊಬ್ಬಿನ ಬಾಲವನ್ನು ಗಟ್ಟಿಯಾಗಿ ಹಿಡಿದಿಡದ ಕಾರಣ ಸ್ಥಿರಗೊಳಿಸಿದ ಮೇಲೂ ಅವು ಹರಿದಾಡಿ ಗುಂಪಾಗುತ್ತವೆ. ಕುಳಿಯಲ್ಲಿ ಕಂಡ ಗುಂಪು ಕೋಶದ್ದಲ್ಲ, ನೋಡಲು ಬಳಸಿದ ಉಪಕರಣವೇ ಕಟ್ಟಿದ್ದು. ಬಣ್ಣವನ್ನು ನೇರವಾಗಿ ಮೊದಲ ಪ್ರತಿಕಾಯಕ್ಕೇ ಅಂಟಿಸಿ ಎರಡನೆಯದನ್ನು ಬಿಟ್ಟರೆ ಪ್ರೋಟೀನುಗಳು ಪೊರೆಯ ತುಂಬ ಹರಡಿ ಕಂಡವು.

ಹಾಗಾದರೆ ಅವು ನಿಜವಾಗಿ ಹೇಗಿರುತ್ತವೆ? ಬೆಂಗಳೂರಿಗೆ ಬಂದ ಮೇಲೆ ಮೇಯರ್ ಗುಂಪು ಈ ಪ್ರಶ್ನೆಗೆ ಪ್ರತಿಕಾಯವನ್ನು ಬದಿಗಿಟ್ಟು ಉತ್ತರ ಹುಡುಕಿತು. ಹೊಳೆಯುವ ಫೋಲಿಕ್ ಆಮ್ಲದ ಅನುರೂಪವನ್ನು ಗ್ರಾಹಕಕ್ಕೆ ಕೂರಿಸಿ, ಹತ್ತಿರದ ಅಣುಗಳ ನಡುವೆ ಬೆಳಕಿನ ಶಕ್ತಿ ದಾಟುವುದನ್ನು ಅಳೆದು, 1998ರಲ್ಲಿ ರಜತ್ ವರ್ಮ ಜೊತೆ ‘ನೇಚರ್’ನಲ್ಲಿ ಪ್ರಕಟಿಸಿದ ಲೇಖನ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಚಿಕ್ಕ ಗುಂಪುಗಳಿವೆ ಎಂದಿತು. 2004ರ ಹೊತ್ತಿಗೆ ಆ ಗುಂಪುಗಳಲ್ಲಿ ನಾಲ್ಕರಷ್ಟೇ ಅಣುಗಳಿರುತ್ತವೆ ಎಂಬ ಲೆಕ್ಕ ಸಿಕ್ಕಿತು. 2002ರಲ್ಲಿ ಇದೇ ಗುಂಪು ಜಿಪಿಐ ಪ್ರೋಟೀನುಗಳು ಕ್ಲಾಥ್ರಿನ್ ಇಲ್ಲದೆ, ಸಿಡಿಸಿ42 ಎಂಬ ಪ್ರೋಟೀನಿನ ಹಿಡಿತದಲ್ಲಿರುವ ಬೇರೆಯೇ ದಾರಿಯಲ್ಲಿ ಒಳಗೆ ಹೋಗುತ್ತವೆ ಎಂದು ತೋರಿಸಿತು. ಅಂಥ ಪ್ರಯೋಗಗಳಲ್ಲಿ ಗ್ರಾಹಕವನ್ನು ಹಿಂಬಾಲಿಸಲು ಕೈಗೆ ಬಂದದ್ದು ಒಂಟಿ ತೋಳಿನ ಫ್ಯಾಬ್, ಅದು ಏನನ್ನೂ ಜೋಡಿ ಕಟ್ಟಲಾರದು. ಅಣುವಿನ ಒಂದು ತೋಳು ಕತ್ತರಿಸಿದ್ದರಿಂದ ಕೋಶದ ಒಂದು ದಾರಿಯೇ ತೆರೆಯಿತು. ಪ್ರತಿಕಾಯ ಕೊಂಡು ಬಳಸುವವರಿಗೂ ಅದರ ಗುಣಸ್ವಭಾವ ಅರಿತು ಬಳಸುವವರಿಗೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಸಿಗದು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಬ್ಬರಾವ್ ಗಂಗಿ ಶೆಟ್ಟಿ ಅವರ ಪ್ರಯೋಗಾಲಯ ಚರ್ಮದ ಬಣ್ಣದ ಕಣಗಳಾದ ಮೆಲನೋಸೋಮುಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಅಭ್ಯಸಿಸುತ್ತದೆ. ಎಂಡೋಸೋಮಿನಿಂದ ಕಿಣ್ವಗಳು ಮೆಲನೋಸೋಮಿಗೆ ತಲುಪದಿದ್ದರೆ ಚರ್ಮ, ಕೂದಲು ಬಿಳಿಚುವ ಹರ್ಮಾನ್‌ಸ್ಕಿ–ಪುಡ್ಲಾಕ್ ಕಾಯಿಲೆ ಬರುತ್ತದೆ. ಇಲ್ಲಿ ಕೆಲಸಕ್ಕೆ ಬರುವ ಎಚ್‌ಎಂಬಿ45 ಎಂಬ ಪ್ರತಿಕಾಯ ಮೆಲನೋಸೋಮಿನ ನಾರುಗಳ ಪ್ರೋಟೀನನ್ನು ಹಿಡಿಯುತ್ತದೆ. ಆಸ್ಪತ್ರೆಗಳ ರೋಗಶಾಸ್ತ್ರ ವಿಭಾಗದಲ್ಲಿ ಮೆಲನೋಮ ಕ್ಯಾನ್ಸರನ್ನು ಗುರುತಿಸುವುದೂ ಇದರಿಂದಲೇ. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಗುಂಪು ಎಂಡೋಸೋಮಿನ ಅಸ್ರಿಜ್ ಪ್ರೋಟೀನು ರಕ್ತದ ಮೂಲಕೋಶಗಳನ್ನು ಕಾಯುವ ಬಗೆಯನ್ನು ಹಣ್ಣುನೊಣದಲ್ಲಿ ತೋರಿಸಿದೆ.

ಮಣಿಪಾಲ ಮತ್ತು ನಿಪಾ

2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನಿಂದ ಬಂದ ಮಾದರಿಗಳಲ್ಲಿ ನಿಪಾ ವೈರಸ್ಸನ್ನು ಮೊದಲು ಪತ್ತೆ ಮಾಡಿದ್ದು ಜಿ. ಅರುಣಕುಮಾರ್ ಮುಂದಾಳತ್ವದ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಪತ್ತೆಯಾದದ್ದು ಆರ್‌ಎನ್‌ಎ ಪರೀಕ್ಷೆಯಿಂದ, ಪ್ರತಿಕಾಯದಿಂದಲ್ಲ. ಆದರೆ ಆ ವೈರಸ್ಸಿನ ಬಾಳುವೆಯೇ ಪೊರೆ ಸಾಗಣೆಯ ಮೇಲೆ ನಿಂತಿದೆ. ನಿಪಾದ ಎಫ್ ಪ್ರೋಟೀನು ವೈರಸ್ಸಿನ ಪೊರೆಯನ್ನು ಕೋಶದ ಪೊರೆಗೆ ಬೆಸೆಯುತ್ತದೆ. ಹುಟ್ಟಿದಾಗ ಅದು ನಿಷ್ಕ್ರಿಯ. ಗಾಲ್ಜಿ ದಾಟಿ ಮೇಲ್ಮೈಗೆ ಬಂದರೂ ನಿಷ್ಕ್ರಿಯವೇ. ಅದರ ಬಾಲದಲ್ಲಿರುವ ಟೈರೋಸಿನ್ ಗುರುತಿನಿಂದಾಗಿ ಕೋಶ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಎಂಡೋಸೋಮಿನಲ್ಲಿ ಕ್ಯಾಥೆಪ್ಸಿನ್-ಎಲ್ ಎಂಬ ಕಿಣ್ವ ಅದನ್ನು ಎರಡಾಗಿ ಕತ್ತರಿಸುತ್ತದೆ. ಕತ್ತರಿಸಿಕೊಂಡ ಪ್ರೋಟೀನು ಎಂಡೋಸೋಮಿನಿಂದ ಮೇಲ್ಮೈಗೆ ಮರಳಿದ ಮೇಲಷ್ಟೇ ಹೊಸ ವೈರಸ್ಸಿಗೆ ಸೋಂಕುವ ಶಕ್ತಿ. ಎಫ್ ವಿರುದ್ಧದ ಪ್ರತಿಕಾಯವನ್ನು ಇಇಎ1, ರ‍್ಯಾಬ್11 ಪ್ರತಿಕಾಯಗಳ ಜೊತೆ ಬಳಸಿ ಈ ಸುತ್ತಾಟವನ್ನು ನೋಡಬಹುದು. ಅತಿ ಅಪಾಯದ ಜೀವಂತ ವೈರಸ್ಸು ಬೇಕಿಲ್ಲ, ಎಫ್ ಜೀನನ್ನಷ್ಟೇ ಕೋಶಕ್ಕೆ ಸೇರಿಸಿದರೆ ಸಾಕು. ಮಲೆನಾಡಿನಲ್ಲಿ 1957ರಿಂದ ಕಾಡುತ್ತಿರುವ ಮಂಗನ ಕಾಯಿಲೆಯ ವೈರಸ್ಸು ಸೇರಿದ ಫ್ಲೇವಿವೈರಸ್ ಬಳಗವೂ ಕೋಶದೊಳಗೆ ನುಗ್ಗಲು ಎಂಡೋಸೋಮಿನ ಹುಳಿಯನ್ನೇ ನೆಚ್ಚಿಕೊಂಡಿದೆ.

ನಂಬಿಕೆಯ ಪ್ರಶ್ನೆ

ನೂರು ಮೈಕ್ರೋಲೀಟರಿನ ಒಂದು ಸೀಸೆಗೆ ಮೂವತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಹೆಚ್ಚಿನವು ಹೊರದೇಶದಿಂದ ತಣ್ಣನೆಯ ಪೆಟ್ಟಿಗೆಯಲ್ಲಿ ಬರಬೇಕು. ಬಂದ ಮೇಲೆ ಸಣ್ಣ ಪಾಲುಗಳಾಗಿ ಹಂಚಿಡಬೇಕು, ಮತ್ತೆಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಹಿಡಿತ ಸಡಿಲಾಗುತ್ತದೆ. ಇಷ್ಟು ಕೊಟ್ಟು ತಂದದ್ದು ಕೆಲಸ ಮಾಡುತ್ತಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬಾರದು. ಚಿತ್ರದಲ್ಲಿ ಏನೋ ಹೊಳೆದರೆ ಅದೇ ನಮ್ಮ ಪ್ರೋಟೀನು ಎಂದು ಮುಂದುವರಿಯುವ ರೂಢಿ ಜಗತ್ತಿನಾದ್ಯಂತ ಇದೆ.

ಸರಿಯಾದ ಪರೀಕ್ಷೆ ಒಂದೇ: ಕ್ರಿಸ್ಪರ್ ವಿಧಾನದಿಂದ ಆ ಜೀನನ್ನು ಅಳಿಸಿದ ಕೋಶಗಳ ಮೇಲೂ ಅದೇ ಪ್ರತಿಕಾಯ ಹಾಕುವುದು. ಪ್ರೋಟೀನೇ ಇಲ್ಲದ ಕಡೆಯೂ ಹೊಳೆದರೆ ಪ್ರತಿಕಾಯ ಸುಳ್ಳು ಹೇಳುತ್ತಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಟರ್ ಮೆಕ್‌ಫರ್ಸನ್ ಗುಂಪು 2019ರಲ್ಲಿ ಎಎಲ್ಎಸ್ ಎಂಬ ನರರೋಗಕ್ಕೆ ಸಂಬಂಧಿಸಿದ ಸಿ9ಒಆರ್‌ಎಫ್72 ಪ್ರೋಟೀನಿನ ಮೇಲೆ ಇದನ್ನು ಮಾಡಿತು. ಆ ಪ್ರೋಟೀನನ್ನು ಗುರುತಿಸಲೇ ಆಗದ ಪ್ರತಿಕಾಯಗಳು ಹೆಸರುವಾಸಿ ಲೇಖನಗಳಲ್ಲಿ ಬಳಕೆಯಾಗಿದ್ದವು. ಸರಿಯಾದ ಪ್ರತಿಕಾಯದಲ್ಲಿ ನೋಡಿದಾಗ ಅದು ಲೈಸೋಸೋಮುಗಳಲ್ಲಿ ಕಂಡಿತು. ಮುಂದೆ ವೈಚಾರೋಸ್ ಎಂಬ ಕೂಟ 65 ಪ್ರೋಟೀನುಗಳಿಗೆ ಮಾರುಕಟ್ಟೆಯಲ್ಲಿದ್ದ 614 ಪ್ರತಿಕಾಯಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಬಳಕೆಯಲ್ಲಿ ಸೋತವು. ಒಟ್ಟಿನಲ್ಲಿ ಮರುಸಂಯೋಜಿತ ಪ್ರತಿಕಾಯಗಳೇ ಮೇಲೆನಿಸಿಕೊಂಡವು.

ಹಾಗಾಗಿ ಪ್ರತಿಕಾಯದ ಹೆಸರಷ್ಟೇ ಬರೆದ ಲೇಖನವನ್ನು ಅರ್ಧ ನಂಬಬಹುದು. ಕ್ಲೋನ್ ಸಂಖ್ಯೆ, ತಯಾರಿಯ ಬ್ಯಾಚ್ ಸಂಖ್ಯೆ, ಜೀನ್ ಅಳಿಸಿದ ಕೋಶದ ಚಿತ್ರ ಇದ್ದರೆ ಪೂರ್ತಿ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಹೊಸದಾಗಿ ಈ ಕೆಲಸಕ್ಕೆ ಇಳಿಯುವ ವಿದ್ಯಾರ್ಥಿಗಳು ಸೀಸೆ ತರಿಸುವ ಮೊದಲು ವೈಚಾರೋಸ್ ವರದಿಗಳನ್ನು ಒಮ್ಮೆ ತೆರೆದು ನೋಡಲಿ. ಅವು ಝೆನೋಡೋ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ.